ಹಳೇ ಕಾರಿನ ಚಕ್ರ ವಾಲಿದೆಯಾ? ಮನೆಯಲ್ಲೇ ಕ್ಯಾಂಬರ್ ಅಳೆದು ದೋಷ ಹುಡುಕುವ ಬಗೆ

ಕಾರಿನ ಎದುರು ಕುಕ್ಕರಗಾಲಲ್ಲಿ ಕೂತು ನೋಡಿ. ಚಕ್ರ ನೆಟ್ಟಗೆ ನಿಂತಿದೆಯೋ, ವಾಲಿದೆಯೋ ಗೊತ್ತಾಗುತ್ತದೆ. ಆ ವಾಲಿಕೆಗೇ ಕ್ಯಾಂಬರ್ ಅನ್ನುವುದು. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ಲೆಕ್ಕ ಡಿಗ್ರಿಯಲ್ಲಿ. ಹಳೇ ವರ್ಕ್‌ಶಾಪ್ ಮ್ಯಾನ್ಯುಯಲ್‌ಗಳಲ್ಲಿ ಡಿಗ್ರಿ ಜೊತೆ ಮಿನಿಟ್ ಕೂಡ ಇರುತ್ತದೆ. 60 ಮಿನಿಟ್ ಸೇರಿದರೆ 1 ಡಿಗ್ರಿ. ಹಾಗಾಗಿ 0 ಡಿಗ್ರಿ 30 ಮಿನಿಟ್ ಅಂದ್ರೆ ಅರ್ಧ ಡಿಗ್ರಿ, 0.30 ಡಿಗ್ರಿ ಅಲ್ಲ. ಇಲ್ಲಿ ಎಡವುವವರು ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರುಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಕ್ಯಾಂಬರ್ ತಿದ್ದುವ ವ್ಯವಸ್ಥೆಯೇ ಇಲ್ಲ. ಮೂಲ ಮಿನಿಯ ಮುಂದಿನ ಚಕ್ರಕ್ಕಿಲ್ಲ, ಎಂಜಿಬಿಗಿಲ್ಲ, ಮಾರಿಸ್ ಮೈನರ್‌ಗೂ ಇಲ್ಲ. ಫ್ಯಾಕ್ಟರಿಯಲ್ಲಿ ಲೋಹ ಎಲ್ಲಿ ಕೂತಿತೋ ಅದೇ ಕ್ಯಾಂಬರ್. ಅಂಥ ಕಾರಲ್ಲಿ ಅಂಕಿ ಬದಲಾಗಿದೆ ಅಂದ್ರೆ ಯಾವುದೋ ಒಂದು ಭಾಗ ಸವೆದಿದೆ, ಬಾಗಿದೆ, ಇಲ್ಲವೇ ಸ್ಪ್ರಿಂಗ್ ಕುಗ್ಗಿದೆ. ತಿದ್ದುವ ವ್ಯವಸ್ಥೆ ಇರುವ ಕಾರಲ್ಲೂ ಇದೇ ಕಥೆ. ಸುಮ್ನೆ ನಿಂತ ಜಾಗದಲ್ಲಿ ಶಿಮ್ (ಕ್ಯಾಂಬರ್ ತಿದ್ದೋಕೆ ನಡುವೆ ಸಿಕ್ಕಿಸುವ ತೆಳು ಲೋಹದ ಬಿಲ್ಲೆ) ತಾನಾಗಿ ಕಮ್ಮಿ ಆಗುವುದಿಲ್ಲ, ಅಲ್ವಾ? ಹಾಗಾಗಿ ಅಳತೆ ತೆಗೆಯುವುದು ಸ್ಪ್ಯಾನರ್ ಹಿಡಿಯೋಕಲ್ಲ, ತಪ್ಪು ಎಲ್ಲಿದೆ ಅಂತ ಹುಡುಕೋಕೆ.

ಸುರಕ್ಷತೆಯ ಮಾತು: ಕ್ಯಾಂಬರ್ ಅಳೆಯುವಾಗ ನಾಲ್ಕೂ ಚಕ್ರ ನೆಲದ ಮೇಲೆ ಇರಬೇಕು. ಕಾರಿನ ಕೆಳಗೆ ನುಗ್ಗುವ ಅಗತ್ಯವೇ ಇಲ್ಲ. ಮುಂದೆ ಕೆಲವು ತಪಾಸಣೆಗೆ ಚಕ್ರ ಎತ್ತಬೇಕಾಗುತ್ತದೆ. ಆಗ ಬರೀ ಜಾಕ್ ನಂಬಬೇಡಿ. ಗಟ್ಟಿ ನೆಲ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿ ಅಡ್ಡಗಟ್ಟೆ, ಚಾಸಿ ಕೆಳಗೆ ಸರಿಯಾದ ಸ್ಟ್ಯಾಂಡ್. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಯಾವತ್ತೂ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಟೈರ್ ಒಂದೇ ಅಂಚಲ್ಲಿ ಸವೆಯುತ್ತಿದೆ

ಹೆಚ್ಚಿನವರಿಗೆ ಮೊದಲು ಕಣ್ಣಿಗೆ ಬೀಳುವುದು ಇದೇ. ಆದರೆ ಅಂಚು ಸವೆದ ಕೂಡಲೇ ಕ್ಯಾಂಬರ್ ಅಂತ ತೀರ್ಮಾನ ಮಾಡಬೇಡಿ. ಮೊದಲು ಗಾಳಿ ನೋಡಿ. ಟೈರ್ ತಣ್ಣಗಿರುವಾಗಲೇ ನೋಡಬೇಕು. ಎರಡೂ ಅಂಚು ಸವೆದು ನಡು ಚೆನ್ನಾಗಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ.

ಒಂದೇ ಅಂಚು ಸವೆದಿದ್ದರೆ ಅಂಗೈಯನ್ನು ಟೈರ್ ಮೇಲೆ ಅಡ್ಡಡ್ಡ ಸವರಿ, ಹೊರಗಿಂದ ಒಳಕ್ಕೆ ಒಂದು ಸಲ, ಒಳಗಿಂದ ಹೊರಕ್ಕೆ ಒಂದು ಸಲ. ಮೊದಲು ಕಣ್ಣಲ್ಲಿ ನೋಡಿಕೊಳ್ಳಿ, ತೀರಾ ಸವೆದ ಟೈರಲ್ಲಿ ಉಕ್ಕಿನ ತಂತಿ ಹೊರಗೆ ಬಂದಿರುತ್ತದೆ, ಕೈ ಕೊಯ್ಯುತ್ತದೆ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ಕೈಗೆ ತಗುಲಿದರೆ ಅದು ಟೋ ತಪ್ಪಿರುವ ಗುರುತು. ಟೋ ಅಂದ್ರೆ ಮೇಲಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು. ಎರಡೂ ದಿಕ್ಕಿನಲ್ಲಿ ನುಣುಪಾಗಿದ್ದು ಒಂದು ಅಂಚಿನ ಕಡೆಗೆ ಇಳಿಜಾರಾಗಿ ಸವೆದಿದ್ದರೆ ಆಗ ಕ್ಯಾಂಬರ್ ಮೇಲೆ ಅನುಮಾನ ಪಡಿ. ಒಳ ಅಂಚು ಹೋಗಿದ್ದರೆ ನೆಗೆಟಿವ್ ಜಾಸ್ತಿ, ಹೊರ ಅಂಚು ಹೋಗಿದ್ದರೆ ಪಾಸಿಟಿವ್ ಜಾಸ್ತಿ. ತಿರುವುಗಳಲ್ಲಿ ಜೋರಾಗಿ ಓಡಿಸುವ ಚಾಳಿ ಇದ್ದರೂ ಮುಂದಿನ ಟೈರ್‌ಗಳ ಹೊರ ಅಂಚು ಸವೆಯುತ್ತದೆ ಅನ್ನೋದು ನೆನಪಿರಲಿ, ಅದಕ್ಕೆ ಕಾರಿನ ತಪ್ಪೇನಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಟೈರ್ ಬೇಗ ತಿಂದುಹಾಕುವುದರಲ್ಲಿ ಟೋ ಮೊದಲ ಆರೋಪಿ, ಕ್ಯಾಂಬರ್ ಆಮೇಲಿನದು. ಅರ್ಧ ಡಿಗ್ರಿ ಕ್ಯಾಂಬರ್ ಹೆಚ್ಚುಕಮ್ಮಿ ಆದರೆ ಟೈರ್ ಹೇಗೋ ಸಹಿಸಿಕೊಂಡು ಹೋಗುತ್ತದೆ.

ಕಾರು ಒಂದು ಕಡೆಗೆ ಎಳೆಯುತ್ತದೆ

ರಸ್ತೆಯೇ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ನೀರು ಹರಿದುಹೋಗಲಿ ಅಂತ. ಸ್ವಲ್ಪ ಎಳೆತ ಅದರಿಂದಲೇ ಬರುತ್ತದೆ. ಮಟ್ಟಸವಾದ, ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ನೋಡಿ. ಅಲ್ಲೂ ಎಳೆದರೆ ಮುಂದೆ ಹೋಗೋಣ.

ಗಾಳಿ ಎರಡೂ ಕಡೆ ಸಮ ಇದೆಯಾ? ಇದೆ. ಹಾಗಾದರೆ ಬ್ರೇಕ್ ಹಿಡಿದುಕೊಂಡಿದೆಯಾ? ಹೆಚ್ಚು ಬ್ರೇಕ್ ಹಾಕದೆ ಸ್ವಲ್ಪ ದೂರ ಓಡಿಸಿ ಬಂದು, ಪ್ರತಿ ಚಕ್ರದ ನಡುವಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಬರೀ ಹತ್ತಿರ ಹಿಡಿಯಿರಿ. ಒಂದು ಮಾತ್ರ ಕಾದಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ. ಅಲ್ಲಿಗೆ ಕ್ಯಾಂಬರ್ ಕಥೆ ಮುಗಿಯಿತು, ಬ್ರೇಕ್ ಕೆಲಸ ಶುರು.

ಬ್ರೇಕ್ ಸರಿ ಇದ್ದರೆ ಮುಂದಿನ ಎರಡು ಟೈರ್‌ಗಳನ್ನು ಎಡಬಲ ಬದಲಾಯಿಸಿ ನೋಡಿ. ಒಂದೇ ದಿಕ್ಕಿಗೆ ತಿರುಗಬೇಕು ಅಂತ ಬಾಣದ ಗುರುತು ಇರುವ ಟೈರ್ ಆದರೆ ಇದು ಬೇಡ. ಎಳೆತ ಇನ್ನೊಂದು ಕಡೆಗೆ ಹೋದರೆ ದೋಷ ಟೈರಲ್ಲೇ ಇದೆ. ಕಮ್ಮಿ ಓಡುವ ಹಳೇ ಕಾರುಗಳಲ್ಲಿ ಟೈರ್ ಸವೆಯೋಕೆ ಮುಂಚೆ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ಓದಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್. ಅದನ್ನು ಬಿಚ್ಚಿಡಿ, ಅದರ ಮೇಲೆ ಅಳತೆ ತೆಗೆಯುವುದೂ ದಂಡ.

ಇಷ್ಟಾದ ಮೇಲೂ ಎಳೆಯುತ್ತಿದ್ದರೆ ಕ್ಯಾಂಬರ್ ಅಥವಾ ಕ್ಯಾಸ್ಟರ್. ಕ್ಯಾಸ್ಟರ್ ಅಂದ್ರೆ ಪಕ್ಕದಿಂದ ನೋಡಿದಾಗ, ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಮೇಲೆ ತಿರುಗುತ್ತದೋ ಅದು ಹಿಂದಕ್ಕೆ ವಾಲಿರುವುದು. ಕ್ಯಾಂಬರ್ ಯಾವ ಕಡೆ ಹೆಚ್ಚು ಪಾಸಿಟಿವ್ ಇದೆಯೋ ಆ ಕಡೆಗೆ ಕಾರು ಎಳೆಯುತ್ತದೆ. ಕ್ಯಾಸ್ಟರ್ ಯಾವ ಕಡೆ ಕಮ್ಮಿಯೋ ಆ ಕಡೆಗೆ ಎಳೆಯುತ್ತದೆ. ಎಡಬಲ ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಸರಿದೂಗಿಸುತ್ತವೆ. ಹಾಗಾಗಿ ಎಳೆತದ ವಿಷಯದಲ್ಲಿ ಪುಸ್ತಕದ ಅಂಕಿಗಿಂತ ಎಡಬಲದ ವ್ಯತ್ಯಾಸವೇ ಮುಖ್ಯ. ಅರ್ಧ ಡಿಗ್ರಿ ದಾಟಿದ ವ್ಯತ್ಯಾಸ ಸಿಕ್ಕರೆ ಅದರ ಬೆನ್ನು ಹತ್ತಿ.

ಬರಿಗಣ್ಣಿಗೇ ಚಕ್ರ ವಾಲಿದಂತೆ ಕಾಣುತ್ತದೆ

ಇವತ್ತು ಕಾರನ್ನು ಜಾಕ್ ಹಾಕಿ ಎತ್ತಿದ್ದಿರಾ? ಹೌದು ಅಂದ್ರೆ ಗಾಬರಿ ಬೇಡ. ಎತ್ತಿದಾಗ ಚಕ್ರ ಕೆಳಕ್ಕೆ ಜೋತು ಬೀಳುತ್ತದೆ, ಇಳಿಸಿದಾಗ ಟೈರ್ ನೆಲವನ್ನು ಕಚ್ಚಿ ಹಿಡಿದುಬಿಡುತ್ತದೆ, ಪಕ್ಕಕ್ಕೆ ಜಾರಿ ತನ್ನ ಜಾಗಕ್ಕೆ ಹೋಗೋಕೆ ಆಗುವುದಿಲ್ಲ. ಕಾರನ್ನು ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿದರೆ ತಾನಾಗಿ ಕೂರುತ್ತದೆ.

ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನ ಹಿಂಬದಿಯಲ್ಲಿ ಇದು ಎದ್ದು ಕಾಣುತ್ತದೆ. ಅದರದ್ದು ಸ್ವಿಂಗ್ ಆಕ್ಸಲ್. ಅರ್ಧ ಆಕ್ಸಲ್ ಗೇರ್‌ಬಾಕ್ಸ್ ಹತ್ತಿರ ಮಾತ್ರ ಮಡಚುತ್ತದೆ, ಚಕ್ರ ಆಕ್ಸಲ್‌ಗೆ ನೇರ ಕೂತಿದೆ. ಹಾಗಾಗಿ ಬಾಡಿ ಮೇಲೆ ಹೋದರೆ ಚಕ್ರದ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ, ಬಾಡಿ ಕೆಳಗೆ ಬಂದರೆ ಮೇಲ್ಭಾಗ ಒಳಕ್ಕೆ ಬರುತ್ತದೆ. ಟ್ರಯಂಫ್ ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಹಿಂಬದಿಯೂ ಇದೇ ಜಾತಿ. ಇಂಥ ಕಾರಲ್ಲಿ ಹಿಂಬದಿ ಕ್ಯಾಂಬರ್ ಅಳೆಯುವುದೂ ಒಂದೇ, ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವುದೂ ಒಂದೇ.

ಉರುಳಿಸಿದ ಮೇಲೂ ಒಂದು ಚಕ್ರ ಮಾತ್ರ ವಾಲಿದಂತೆ ಕಂಡರೆ, ಅದೂ ಗುಂಡಿಗೋ ಕಲ್ಲಿಗೋ ಬಡಿದ ಮೇಲೆ ಕಂಡರೆ, ಓಡಿಸಬೇಡಿ. ಅಲ್ಲೇ ನಿಲ್ಲಿಸಿ, ಕೆಳಗೆ ಹೇಳುವ ಅಲ್ಲಾಡಿಸುವ ತಪಾಸಣೆ ಮೊದಲು ಮಾಡಿ.

ಈಗ ಅಳೆಯೋಣ

ಬೇಕಾಗುವ ಸಾಮಾನು ಕಮ್ಮಿ. ಗಾರೆ ಕೆಲಸದವರ ತೂಗುಗುಂಡು ಮತ್ತು ದಾರ, ಉಕ್ಕಿನ ಸ್ಕೇಲ್, ಸೀಮೆಸುಣ್ಣ, ಟ್ಯೂಬ್ ಲೆವೆಲ್‌ಗೆ ಒಂದು ಪಾರದರ್ಶಕ ಪೈಪ್. ಡಿಜಿಟಲ್ ಆಂಗಲ್ ಗೇಜ್ ಇದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ನಷ್ಟವೇನಿಲ್ಲ. ಉಕ್ಕಿನ ಸ್ಕೇಲೇ ಯಾಕೆ ಅಂದ್ರೆ ಅದರ ಸೊನ್ನೆ ಸರಿಯಾಗಿ ತುದಿಯಿಂದ ಶುರುವಾಗುತ್ತದೆ. ಮಕ್ಕಳ ಪ್ಲಾಸ್ಟಿಕ್ ಸ್ಕೇಲಲ್ಲಿ ತುದಿಗೂ ಸೊನ್ನೆಗೂ ನಡುವೆ ಜಾಗ ಬಿಟ್ಟಿರುತ್ತಾರೆ.

ನೆಲ ಮೊದಲು. ಎಲ್ಲರೂ ಹಾರಿಸುವುದು ಇದನ್ನೇ. ಎಡ ಮತ್ತು ಬಲ ಚಕ್ರ ನಿಲ್ಲುವ ಜಾಗಗಳ ನಡುವೆ 1300 ಮಿ.ಮೀ. ಇದೆ ಅಂದುಕೊಳ್ಳಿ. ಒಂದು ಕಡೆ ನೆಲ 10 ಮಿ.ಮೀ. ತಗ್ಗಿದ್ದರೆ ಅಲ್ಲಿಗೇ 0.44 ಡಿಗ್ರಿ ತಪ್ಪು ಬಂತು. ಒಂದು ಚಕ್ರದಲ್ಲಿ ಅದು ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ, ಎಡಬಲದ ವ್ಯತ್ಯಾಸ 0.88 ಡಿಗ್ರಿ ಅಂತ ಕಾಣುತ್ತದೆ. ಏನೂ ಕೆಡದ ಕಾರಿಗೆ ರೋಗ ಬಂದ ಹಾಗೆ! ನೀರು ಹರಿಯಲಿ ಅಂತ ಇಳಿಜಾರು ಕೊಟ್ಟ ಗ್ಯಾರೇಜ್ ನೆಲದಲ್ಲಿ ಇಷ್ಟು ತಗ್ಗು ಸಾಮಾನ್ಯ. ಟ್ಯೂಬ್‌ಗೆ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ನಾಲ್ಕು ಚಕ್ರದ ಜಾಗಗಳ ಮಟ್ಟ ನೋಡಿ, ತಗ್ಗಿರುವ ಕಡೆ ಪ್ಲೈವುಡ್ ತುಂಡೋ ನೆಲಹಾಸಿನ ಟೈಲೋ ಇಟ್ಟು ಸಮ ಮಾಡಿ. ಚಕ್ರ ಎಲ್ಲಿ ನಿಲ್ಲಬೇಕು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತು ಬಹಳ ದಿನ ಉಪಯೋಗಕ್ಕೆ ಬರುತ್ತದೆ, ಬಣ್ಣದಲ್ಲಿ ಹಾಕಿದರೆ ಇನ್ನೂ ಒಳ್ಳೆಯದು.

ನೆಲ ಸಮ ಮಾಡೋಕೆ ಆಗದೇ ಇದ್ದರೆ ಉಪಾಯ ಇದೆ. ಒಂದು ಸಲ ಅಳೆದು, ಕಾರನ್ನು ಹಿಂದುಮುಂದು ತಿರುಗಿಸಿ, ಅದೇ ಗುರುತುಗಳ ಮೇಲೆ ಅದೇ ಆಕ್ಸಲ್‌ನ ಚಕ್ರಗಳು ಬರುವ ಹಾಗೆ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಪ್ರತಿ ಚಕ್ರದ ಎರಡು ಅಳತೆಗಳ ಸರಾಸರಿ ತೆಗೆದರೆ ನೆಲದ ಓರೆ ತಾನೇ ಕಳೆದುಹೋಗುತ್ತದೆ. ಡಿಜಿಟಲ್ ಗೇಜ್ ಇರುವವರು ಎರಡೂ ಚಕ್ರಗಳು ನೆಲ ಮುಟ್ಟುವ ಜಾಗಕ್ಕೆ ಅಡ್ಡಲಾಗಿ ಒಂದು ನೆಟ್ಟಗಿನ ಚೌಕ ಪೈಪ್ ಇಟ್ಟು, ಅದರ ಮೇಲೆ ಗೇಜನ್ನು ಸೊನ್ನೆ ಮಾಡಿಕೊಂಡರೂ ಸಾಕು.

ಕಾರನ್ನು ತಯಾರು ಮಾಡುವುದು: ಗಾಳಿ ಪುಸ್ತಕದ ಪ್ರಕಾರ, ಡಿಕ್ಕಿಯ ಹೊರೆ ಖಾಲಿ. ಸೀಟಲ್ಲಿ ಇಷ್ಟು ತೂಕ ಇಟ್ಟು ಅಳೆಯಿರಿ ಅಂತ ಮ್ಯಾನ್ಯುಯಲ್ ಹೇಳಿದ್ದರೆ ಅಷ್ಟೇ ತೂಕ ಇಡಿ. ಮುಂದೆ ಹಿಂದೆ ಬಂಪರ್ ಹತ್ತಿರ ಕೈಯೂರಿ ಕಾರನ್ನು ಕೆಲವು ಸಲ ಕುಲುಕಿಸಿ. ಆಮೇಲೆ ನೇರ ತಳ್ಳಿಕೊಂಡು ಬಂದು ಗುರುತಿನ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತದೆ ಅಡ್ಡಗಟ್ಟೆ ಇಡಿ. ಸ್ಟಿಯರಿಂಗ್ ಚಕ್ರ ನೆಟ್ಟಗಿದೆ ಅಂದ ಮಾತ್ರಕ್ಕೆ ರಸ್ತೆ ಚಕ್ರ ನೆಟ್ಟಗಿದೆ ಅಂತಲ್ಲ, ಹಿಂದೆ ಯಾರೋ ಬಿಚ್ಚಿ ಒಂದು ಹಲ್ಲು ಆಚೀಚೆ ಹಾಕಿರಬಹುದು. ತಿರುಗಿದ ಚಕ್ರದಲ್ಲಿ ಕ್ಯಾಂಬರ್ ಬದಲಾಗುವುದರಿಂದ ಎರಡು ಮುಂದಿನ ಚಕ್ರಗಳೂ ನೇರ ನೋಡುತ್ತಿರಬೇಕು.

ಇನ್ನು ಗುಂಡು. ಹಬ್‌ಕ್ಯಾಪ್ ತೆಗೆಯಿರಿ. ಮಡ್‌ಗಾರ್ಡ್ ಅಂಚಿಗೆ ಟೇಪ್ ಹಾಕಿ, ಅದಕ್ಕೆ ದಾರ ಕಟ್ಟಿ ಚಕ್ರದ ನಡುವಿನ ನೇರಕ್ಕೆ ಗುಂಡು ಇಳಿಬಿಡಿ. ನೆಲದ ಹತ್ತಿರ ಟೈರ್ ಹೊಟ್ಟೆ ಉಬ್ಬಿಕೊಂಡಿರುತ್ತದೆ, ದಾರ ಅದಕ್ಕೆ ತಾಗಬಾರದು. ತಾಗಿದರೆ ಮೇಲೆ ಮರದ ಚೂರು ಸಿಕ್ಕಿಸಿ ದಾರವನ್ನು ಹೊರಗೆ ತನ್ನಿ. ಗುಂಡು ಓಲಾಡುತ್ತಿದ್ದರೆ ನೀರಿನ ಬಟ್ಟಲಲ್ಲಿ ಮುಳುಗಿಸಿ, ಬೇಗ ನಿಲ್ಲುತ್ತದೆ. ಅಳತೆ ತೆಗೆಯುವುದು ಟೈರ್‌ನಿಂದ ಅಲ್ಲ, ರಿಮ್‌ನ ಹೊರ ಅಂಚಿನಿಂದ. ಮೇಲೆ ಒಂದು, ಕೆಳಗೆ ಒಂದು. ಬ್ಯಾಲೆನ್ಸ್ ತೂಕ ಇರುವ ಜಾಗ, ಸೊಟ್ಟಾದ ಜಾಗ ಬಿಟ್ಟು ಪಕ್ಕದಲ್ಲಿ ಗುರುತು ಹಾಕಿ. ಸ್ಕೇಲ್ ಅಡ್ಡ ಹಿಡಿದು ದಾರಕ್ಕೆ ಮುಟ್ಟಿಸದೆ, ಒಂದು ಕಣ್ಣು ಮುಚ್ಚಿ ನೇರ ಎದುರಿಂದ ಓದಿ. ದಾರವನ್ನು ಸ್ಕೇಲ್ ಚೂರು ತಳ್ಳಿದರೂ 1 ಮಿ.ಮೀ. ಹೋಯಿತು. ಆ 1 ಮಿ.ಮೀ. ಎಷ್ಟು ಅಂತ ಈಗ ನೋಡಿ.

14 ಇಂಚಿನ ಚಕ್ರ ಅಂದುಕೊಳ್ಳಿ. ರಿಮ್‌ನ ಮೇಲಂಚಿಂದ ಕೆಳಂಚಿಗೆ ಅಳೆದರೆ ಸುಮಾರು 390 ಮಿ.ಮೀ. ಬರುತ್ತದೆ. 14 ಇಂಚು ಅಂದ್ರೆ 356 ಮಿ.ಮೀ. ಅಲ್ವಾ ಅಂತ ಕೇಳಬಹುದು. ಆ 14 ಇಂಚು ಟೈರ್ ಕೂರುವ ಜಾಗದ ಅಳತೆ, ಅಂಚು ಅದಕ್ಕಿಂತ ಹೊರಗಿದೆ. ನಿಮ್ಮ ಚಕ್ರವನ್ನು ನೀವೇ ಅಳೆದುಕೊಳ್ಳಿ. ಮೇಲೆ ದಾರದಿಂದ ರಿಮ್‌ಗೆ 42 ಮಿ.ಮೀ., ಕೆಳಗೆ 37 ಮಿ.ಮೀ. ಬಂತು. ಮೇಲೆ ಅಂತರ ಜಾಸ್ತಿ, ಅಂದ್ರೆ ಮೇಲ್ಭಾಗ ಒಳಕ್ಕೆ ಹೋಗಿದೆ, ನೆಗೆಟಿವ್. ವ್ಯತ್ಯಾಸ 5. ಅದನ್ನು 390ರಿಂದ ಭಾಗಿಸಿ 57.3ರಿಂದ ಗುಣಿಸಿದರೆ 0.73 ಡಿಗ್ರಿ, ಅಂದ್ರೆ ಸುಮಾರು 44 ಮಿನಿಟ್ ನೆಗೆಟಿವ್. ಇದೇ ಚಕ್ರದಲ್ಲಿ 1 ಮಿ.ಮೀ. ತಪ್ಪಿದರೆ 0.15 ಡಿಗ್ರಿ, 9 ಮಿನಿಟ್ ತಪ್ಪುತ್ತದೆ. ಹಾಗಾಗಿ ದಾರದ ಲೆಕ್ಕದಲ್ಲಿ ಕಾಲು ಡಿಗ್ರಿಗಿಂತ ಕಮ್ಮಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಂತಿ ಕಡ್ಡಿಯ ಚಕ್ರ, ನಡುವೆ ದೊಡ್ಡ ರೆಕ್ಕೆ ನಟ್ ಇರುವ ಕಾರುಗಳಲ್ಲಿ ನಟ್ ಹೊರಗೆ ಚಾಚಿರುತ್ತದೆ, ಗೇಜ್ ಇಡೋಕೆ ಪಟ್ಟಿ ಅಡ್ಡ ಕೂರುವುದಿಲ್ಲ. ಅಲ್ಯೂಮಿನಿಯಂ ಪಟ್ಟಿಗೆ ಎರಡು ತುದಿಯಲ್ಲಿ ಸಮ ಉದ್ದದ ಬೋಲ್ಟ್ ಹಾಕಿ, ಆ ಬೋಲ್ಟ್ ತಲೆಗಳನ್ನು ರಿಮ್ ಅಂಚಿಗೆ ಆನಿಸಿ, ಪಟ್ಟಿಯ ಬೆನ್ನಿಗೆ ಗೇಜ್ ಇಡಿ. ಮೊಬೈಲ್ ಆ್ಯಪ್ ಕೂಡ ಹೀಗೇ ಬಳಸಬಹುದು. ಆದರೆ ಮೊಬೈಲ್ ಬೆನ್ನಲ್ಲಿ ಕ್ಯಾಮೆರಾ ಉಬ್ಬಿರುತ್ತದೆ, ಹಾಗಾಗಿ ಅಂಚನ್ನು ಆನಿಸಿ, ಬೆನ್ನನ್ನಲ್ಲ.

ಪ್ರತಿ ಸಲ ಬೇರೆ ಬೇರೆ ಅಂಕಿ ಬರುತ್ತದೆ

ಇದು ಅಳತೆಯ ದೋಷವೂ ಆಗಿರಬಹುದು, ಕಾರಿನ ದೋಷವೂ ಆಗಿರಬಹುದು. ಬೇರ್ಪಡಿಸುವುದು ಸುಲಭ.

ಕಾರನ್ನು ಅಲ್ಲಾಡಿಸದೆ ದಾರ ಬಿಚ್ಚಿ ಮತ್ತೆ ಕಟ್ಟಿ ಅಳೆಯಿರಿ. ಆಗಲೂ ಬೇರೆ ಬಂದರೆ ತಪ್ಪು ನಿಮ್ಮ ಕೈಯದ್ದು, ಕಣ್ಣಿನದ್ದು, ಇಲ್ಲವೇ ದಾರ ಅಲ್ಲಾಡಿಸುವ ಗಾಳಿಯದ್ದು. ಅಂಕಿ ನಿಂತಿತು ಅಂದ್ರೆ ಕಾರನ್ನು ಚಕ್ರ ಅರ್ಧ ಸುತ್ತು ತಿರುಗುವಷ್ಟು ಉರುಳಿಸಿ, ಮೇಲಿದ್ದ ಗುರುತು ಕೆಳಗೆ ಬಂದ ಮೇಲೆ ಅಳೆಯಿರಿ. ಹೊಸ ಜಾಗದಲ್ಲಿ ನೆಲ ಬದಲಾಗುತ್ತದೆ, ಅದಕ್ಕೆ ಚಕ್ರ ಮಾತ್ರ ಎತ್ತಿ ಅರ್ಧ ಸುತ್ತಿಸಿ ಇಳಿಸಿ, ಕಾರನ್ನು ಕುಲುಕಿಸಿ ಅಳೆದರೂ ಆದೀತು, ಆದರೆ ಆಗ ಟೈರ್ ಕೆಳಗೆ ಜಾರುವ ಹಾಳೆ ಇರಲೇಬೇಕು. ನಡುವೆ ಗ್ರೀಸ್ ಸವರಿದ ಎರಡು ನುಣುಪು ಟೈಲ್ ಸಾಕು. ಎರಡೂ ಕಡೆ ಒಂದೇ ದಪ್ಪ ಇಡಿ. ಅರ್ಧ ಸುತ್ತಿಗೆ ಅಂಕಿ ಬದಲಾದರೆ ರಿಮ್ ಬಾಗಿದೆ. ಎರಡು ಅಂಕಿಗಳ ಸರಾಸರಿಯೇ ನಿಜವಾದ ಕ್ಯಾಂಬರ್. ತಂತಿ ಕಡ್ಡಿ ಚಕ್ರಗಳಲ್ಲಿ ಈ ಹೆಜ್ಜೆ ಬಿಡಲೇಬೇಡಿ.

ಕಾರನ್ನು ತಳ್ಳಿ ತಂದು ನಿಲ್ಲಿಸಿದಾಗಲೆಲ್ಲ ಅಂಕಿ ಕುಣಿಯುತ್ತಿದೆ, ರಿಮ್ ಸರಿ ಇದೆ ಅಂದ್ರೆ ಮಾತ್ರ ಅದು ಕಾರಿನ ದೋಷ. ಎಲ್ಲೋ ಸಡಿಲ ಇದೆ. ಮುಂದಿನ ತಪಾಸಣೆ ಅದಕ್ಕೇ.

ಚಕ್ರ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಇದು, ಖರ್ಚೂ ಇಲ್ಲ. ಚಕ್ರ ಎತ್ತಿ. ಜಾಕ್ ಎಲ್ಲಿಡುತ್ತೀರಿ ಅನ್ನೋದು ಮುಖ್ಯ. ಚಾಸಿಯಿಂದ ಚಕ್ರದ ಕಡೆಗೆ ಚಾಚಿರುವ ತೋಳಿಗೆ ಆರ್ಮ್ ಅನ್ನುತ್ತಾರೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿದ್ದರೆ ಜಾಕನ್ನು ಆ ಆರ್ಮ್‌ನ ಹೊರ ತುದಿಗೆ ಕೊಡಿ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲಿದ್ದರೆ ಚಾಸಿಗೆ ಕೊಡಿ. ಭಾರ ಹೊರುವ ಜಾಯಿಂಟ್ ಮೇಲಿಂದ ಭಾರ ಇಳಿಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಅದನ್ನು ಬಿಗಿಯಾಗಿ ಒತ್ತಿ ಹಿಡಿದು ಸವೆತವನ್ನು ಮುಚ್ಚಿಡುತ್ತದೆ. ಯಾವ ರೀತಿ ಎತ್ತಿದರೂ ಚಾಸಿ ಕೆಳಗೆ ಸ್ಟ್ಯಾಂಡ್ ಇರಲಿ.

ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಜಗ್ಗಿ. ಅಲ್ಲಾಡಿದರೆ ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಜಗ್ಗಿ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ಸಡಿಲ ವೀಲ್ ಬೇರಿಂಗಲ್ಲಿದೆ. ನಿಲ್ಲದಿದ್ದರೆ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ), ಬಾಲ್ ಜಾಯಿಂಟ್ (ಗುಂಡು ತಲೆಯ ಕೀಲು) ಅಥವಾ ಆರ್ಮ್‌ನ ಬುಷ್ (ಬೋಲ್ಟ್ ಸುತ್ತ ಕೂರುವ ತೋಳುಪಟ್ಟಿಯಂಥ ಬಳೆ). ಯಾವುದು ಅಂತ ತಿಳಿಯೋಕೆ ಟಾರ್ಚ್ ಹಿಡಿದು ನೋಡಿ, ಎರಡು ಲೋಹ ಬೇರೆ ಬೇರೆಯಾಗಿ ಚಲಿಸುವ ಜಾಗ ಕಾಣುತ್ತದೆ. ಬೆರಳ ತುದಿಯನ್ನು ಆ ಸಂದಿನ ಮೇಲೆ ಇಟ್ಟರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. 3 ಮತ್ತು 9ರಲ್ಲಿ ಹಿಡಿದಾಗ ಮಾತ್ರ ಅಲ್ಲಾಡಿದರೆ ಅದು ಟೈ ರಾಡ್ (ಸ್ಟಿಯರಿಂಗ್ ಕಡೆಯಿಂದ ಚಕ್ರಕ್ಕೆ ಹೋಗುವ ಸರಳು) ಅಥವಾ ಸ್ಟಿಯರಿಂಗ್ ಬಾಕ್ಸ್ ಕಡೆಯ ಮಾತು, ಕ್ಯಾಂಬರ್‌ಗೆ ಸಂಬಂಧ ಕಮ್ಮಿ.

ಕಿಂಗ್ ಪಿನ್ ಸವೆದಾಗ ನೆಲದ ಒತ್ತಡ ಚಕ್ರದ ಮೇಲ್ಭಾಗವನ್ನು ಒಳಕ್ಕೆ ತಳ್ಳುತ್ತದೆ. ಹಾಗಾಗಿ ಪಾಸಿಟಿವ್ ಇರಬೇಕಾದ ಹಳೇ ಕಾರು ನೆಗೆಟಿವ್ ಕಡೆ ಜಾರಿದ್ದು, ಜೊತೆಗೆ 12-6ರಲ್ಲಿ ಅಲ್ಲಾಟ ಇದ್ದರೆ ಬೇರೆಲ್ಲೂ ಹುಡುಕಬೇಡಿ. ಬೇರಿಂಗ್ ಸಡಿಲ ಇದ್ದರೆ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಅಲ್ಲಾಟ ಹೋಗಲಿ ಅಂತ ಜಾಸ್ತಿ ಬಿಗಿದರೆ ಬೇರಿಂಗ್ ಕಾದು ಹಿಡಿದುಕೊಳ್ಳುತ್ತದೆ.

ಚಕ್ರ ಬಿಚ್ಚಿದಾಗ ಡ್ರಮ್ ಒಳಗಿನ ಪುಡಿಯನ್ನು ಊದಬೇಡಿ, ಗಾಳಿ ಪೈಪಲ್ಲಿ ಹೊಡೆಯಬೇಡಿ. ಹಳೇ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಎರಡೂ ಕಡೆ ಸಮವಾಗಿ ನೆಗೆಟಿವ್ ಬಂದಿದೆ

ಅಲ್ಲಾಟ ಇಲ್ಲ, ಎಡಬಲ ಒಂದೇ, ಆದರೂ ಪುಸ್ತಕಕ್ಕಿಂತ ನೆಗೆಟಿವ್. ಹಾಗಾದರೆ ಸ್ಪ್ರಿಂಗ್ ಕುಗ್ಗಿರುತ್ತದೆ. ಹಬ್‌ನ ನಡುವಿಂದ ಮಡ್‌ಗಾರ್ಡ್ ಅಂಚಿನವರೆಗೆ ನೆಟ್ಟಗೆ ಅಳೆದು ಎಡಬಲ ಹೋಲಿಸಿ, ಮ್ಯಾನ್ಯುಯಲ್‌ನಲ್ಲಿ ಎತ್ತರ ಕೊಟ್ಟಿದ್ದರೆ ಅದರ ಜೊತೆಗೂ ಹೋಲಿಸಿ. ಮಿನಿಯಲ್ಲಿ ಸ್ಪ್ರಿಂಗ್ ಬದಲು ರಬ್ಬರ್ ಕೋನ್ ಇದೆ, ವರ್ಷ ಕಳೆದಂತೆ ಅದೂ ಕುಗ್ಗುತ್ತದೆ. ಎತ್ತರ ಸರಿ ಮಾಡದೆ ಕ್ಯಾಂಬರ್ ತಿದ್ದುವುದು ವ್ಯರ್ಥ.

ಒಂದು ಎಚ್ಚರಿಕೆ. ಈಗಿನ ಕಾರು ನೋಡಿ ಅಭ್ಯಾಸ ಆದವರಿಗೆ ಹಳೇ ಕಾರಿನ ಪಾಸಿಟಿವ್ ಕ್ಯಾಂಬರ್ ತಪ್ಪು ಅನ್ನಿಸುತ್ತದೆ. ಮಿನಿಯ ಮುಂದಿನ ಚಕ್ರಕ್ಕೆ 2 ಡಿಗ್ರಿ ಪಾಸಿಟಿವ್, ಎಂಜಿಬಿಗೆ 1 ಡಿಗ್ರಿ ಪಾಸಿಟಿವ್ ಅಂತಲೇ ಪುಸ್ತಕದಲ್ಲಿದೆ. ಅದು ದೋಷ ಅಲ್ಲ, ಹಾಗೇ ಮಾಡಿದ್ದು.

ಒಂದು ಕಡೆ ಮಾತ್ರ ತಪ್ಪಿದೆ, ಎಲ್ಲೂ ಸಡಿಲ ಇಲ್ಲ

ಇದು ಬಾಗಿದ ಲೋಹದ ಗುರುತು. ಆರ್ಮ್, ಸ್ಟಬ್ ಆಕ್ಸಲ್ (ಚಕ್ರದ ಹಬ್ ಕೂರುವ ಗಿಡ್ಡ ಆಕ್ಸಲ್), ಕ್ರಾಸ್‌ಮೆಂಬರ್ (ಚಾಸಿಯ ಅಡ್ಡ ತೊಲೆ), ಇಲ್ಲವೇ ಆರ್ಮ್ ಕೂರುವ ಚಾಸಿಯ ಜಾಗ. ಎಡ ಆರ್ಮ್‌ನ ಬೋಲ್ಟ್‌ನಿಂದ ಬಾಲ್ ಜಾಯಿಂಟ್‌ಗೆ ಇರುವ ಉದ್ದ ಅಳೆದು ಬಲದ ಜೊತೆ ಹೋಲಿಸಿ. ಬಣ್ಣ ಸುಕ್ಕುಗಟ್ಟಿ ಬಿರುಕು ಬಿಟ್ಟ ಜಾಗ, ಬೋಲ್ಟ್ ವಾಷರ್ ಜರುಗಿ ಪಕ್ಕದಲ್ಲಿ ಹೊಳೆಯುವ ಗೆರೆ, ಮೊಟ್ಟೆ ಆಕಾರಕ್ಕೆ ತಿರುಗಿದ ತೂತು, ಇವನ್ನೆಲ್ಲ ಹುಡುಕಿ. ಹಿಂಬದಿ ಗಟ್ಟಿ ಆಕ್ಸಲ್ ಇರುವ ಕಾರಲ್ಲಿ ಹಿಂದಿನ ಕ್ಯಾಂಬರ್ ಸೊನ್ನೆಯ ಹತ್ತಿರವೇ ಇರಬೇಕು. ರಿಮ್ ಸರಿ ಇದ್ದೂ ಅರ್ಧ ಡಿಗ್ರಿ ದಾಟಿದರೆ ಬೇರಿಂಗ್ ಹೋಗಿದೆ, ಇಲ್ಲವೇ ಆಕ್ಸಲ್ ಹೌಸಿಂಗ್ ಬಾಗಿದೆ.

ಎಲ್ಲ ನೋಡಿದ ಮೇಲೆ ತಿದ್ದುವುದು

ಸವೆದದ್ದು ಬದಲಾಯಿಸಿ ಆಯಿತು, ಬಾಗಿದ್ದು ಇಲ್ಲ, ಆಗಲೂ ಅಂಕಿ ದೂರ ಇದೆ, ಕಾರಿಗೆ ತಿದ್ದುವ ವ್ಯವಸ್ಥೆಯೂ ಇದೆ. ಆಗ ಮಾತ್ರ. ಹೆರಾಲ್ಡ್, ಸ್ಪಿಟ್‌ಫೈರ್‌ಗಳಲ್ಲಿ ಕೆಳಗಿನ ವಿಷ್‌ಬೋನ್ (ಕವೆಯಾಕಾರದ ಆರ್ಮ್) ಬ್ರಾಕೆಟ್ ಮತ್ತು ಚಾಸಿ ನಡುವೆ ಶಿಮ್ ಇರುತ್ತದೆ. ಶಿಮ್ ಸೇರಿಸಿದರೆ ಚಕ್ರದ ಕೆಳಭಾಗ ಹೊರಗೆ ಹೋಗುತ್ತದೆ, ನೆಗೆಟಿವ್ ಹೆಚ್ಚುತ್ತದೆ. ಬಾಲ್ ಜಾಯಿಂಟ್ ಇರುವ ಬೀಟಲ್‌ನಲ್ಲಿ ಮೇಲಿನ ಜಾಯಿಂಟ್‌ನ ಓರೆ ಬುಷ್ ತಿರುಗಿಸುತ್ತಾರೆ. ಮೇಲಿನ ಆರ್ಮ್ ಬುಡದಲ್ಲಿ ಎರಡು ಬೋಲ್ಟ್‌ಗೆ ಶಿಮ್ ಇರುವ ಕಾರುಗಳಲ್ಲಿ ಎರಡಕ್ಕೂ ಸಮ ಹಾಕಿದರೆ ಕ್ಯಾಂಬರ್ ಬದಲಾಗುತ್ತದೆ, ಒಂದಕ್ಕೆ ಹೆಚ್ಚು ಒಂದಕ್ಕೆ ಕಮ್ಮಿ ಹಾಕಿದರೆ ಕ್ಯಾಸ್ಟರ್ ಕೂಡ ಬದಲಾಗುತ್ತದೆ. ಬಿಚ್ಚುವ ಮುಂಚೆ ಯಾವ ಬೋಲ್ಟಲ್ಲಿ ಎಷ್ಟು ಇತ್ತು ಬರೆದುಕೊಳ್ಳಿ.

ತಿದ್ದುವ ವ್ಯವಸ್ಥೆ ಇಲ್ಲದ ಕಾರಿಗೆ ಓರೆ ತೂತಿನ ಬುಷ್ ಸಿಗುತ್ತದೆ. ಕಾರು ಸರಿ ಇದ್ದು ಚೂರು ಹೊಂದಿಸಬೇಕು ಅಂದ್ರೆ ಅದು ಒಳ್ಳೆಯದು. ಬಾಗಿದ ಆರ್ಮ್ ಮುಚ್ಚಿಡೋಕೆ ಅದನ್ನು ಹಾಕುವುದು ನನಗಂತೂ ಒಪ್ಪಿಗೆ ಇಲ್ಲ.

ರಬ್ಬರ್ ಬುಷ್ ಹಾಕಿದ್ದರೆ ಅದರ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ಜೋತಾಡುವಾಗ ಅಲ್ಲ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ಕಾರನ್ನು ಎತ್ತಿ ಹಿಡಿಯುತ್ತದೆ, ಅಳತೆ ತಪ್ಪುತ್ತದೆ, ಬುಷ್ ಬೇಗ ಹರಿಯುತ್ತದೆ. ಕ್ಯಾಂಬರ್ ಮುಟ್ಟಿದ ಮೇಲೆ ಟೋ ಕೂಡ ಹೊಸದಾಗಿ ಹೊಂದಿಸಲೇಬೇಕು.

ಎಲ್ಲಿ ನಿಲ್ಲಿಸಿ ಬೇರೆಯವರಿಗೆ ಕೊಡಬೇಕು

ಬಿರುಕು ಕಂಡರೆ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ಹಿಡಿದು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋದರೆ. ಸ್ಟಬ್ ಆಕ್ಸಲ್ ಬಾಗಿದ್ದರೆ. ಅದನ್ನು ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ, ಬೇರೆ ಭಾಗ ಹಾಕಿಸಿ. ಪೆಟ್ಟು ಬಿದ್ದ ಮೇಲೆ ಎಡಬಲ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದಿದ್ದರೆ ಚಾಸಿ ಅಳೆಯುವ ಗ್ಯಾರೇಜೇ ಬೇಕು.

ಕಾಯಿಲ್ ಸ್ಪ್ರಿಂಗ್ ಬಿಚ್ಚುವುದು, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು) ಸಡಿಲಿಸುವುದು ಗೊತ್ತಿದ್ದವರ ಕೆಲಸ. ಬೀಟಲ್‌ನ ಹಿಂದಿನ ಟಾರ್ಷನ್ ಬಾರ್‌ಗೆ ಒಳ ತುದಿಯಲ್ಲಿ 40 ಹಲ್ಲು, ಹೊರ ತುದಿಯಲ್ಲಿ 44 ಹಲ್ಲು. ಒಂದನ್ನು ಒಂದು ಹಲ್ಲು ಮುಂದೆ, ಇನ್ನೊಂದನ್ನು ಒಂದು ಹಲ್ಲು ಹಿಂದೆ ಕೂರಿಸಿದರೆ ಸುಮಾರು 50 ಮಿನಿಟ್ ಬದಲಾವಣೆ ಸಿಗುತ್ತದೆ. ಲೆಕ್ಕ ಚೆಂದ, ಆದರೆ ಸ್ಪ್ರಿಂಗ್ ಪ್ಲೇಟ್ ತಡೆಯಿಂದ ಜಾರಿದ ಕ್ಷಣ ಕೈ ಮುರಿಯುವಷ್ಟು ಬಲದಲ್ಲಿ ಬೀಳುತ್ತದೆ. ಸ್ವಿಂಗ್ ಆಕ್ಸಲ್ ಕಾರಿನ ಹಿಂಬದಿಯನ್ನು ಅಂದಕ್ಕೆ ಅಂತ ಎತ್ತರಿಸುವುದೂ ಬೇಡ. ಜೋರಾದ ತಿರುವಲ್ಲಿ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಕಾರು ಮಗುಚುವ ಅಪಾಯ ಹೆಚ್ಚುತ್ತದೆ.

ವೀಲ್ ಅಲೈನ್‌ಮೆಂಟ್‌ಗೆ ಕೊಡುವಾಗ ನಿಮ್ಮ ಅಳತೆಯ ಚೀಟಿ ಮತ್ತು ಮ್ಯಾನ್ಯುಯಲ್‌ನ ಆ ಪುಟದ ಫೋಟೋ ಜೊತೆಗಿರಲಿ. ಅವರ ಯಂತ್ರದಲ್ಲಿ ಹಳೇ ಕಾರಿನ ವಿವರ ಇಲ್ಲದಿದ್ದರೆ ಹತ್ತಿರದ್ದು ಅಂತ ಯಾವುದೋ ಹೊಸ ಕಾರಿನ ಅಂಕಿ ಹಾಕಿ ಹಸಿರು ದೀಪ ತೋರಿಸಿ ಕಳಿಸುತ್ತಾರೆ. ತಿದ್ದುವ ಮುಂಚಿನ ಅಂಕಿ, ಆಮೇಲಿನ ಅಂಕಿ ಎರಡನ್ನೂ ಪ್ರಿಂಟ್ ಕೇಳಿ. ಮುಂಚಿನ ಅಂಕಿ ನಿಮ್ಮ ಚೀಟಿಗೆ ಕಾಲು ಡಿಗ್ರಿ ಒಳಗೆ ಹೊಂದಿದರೆ ನಿಮ್ಮ ದಾರ, ಗುಂಡು, ನೆಲ ಮೂರೂ ಸರಿ ಇವೆ.